ಟ್ಯೂಬಿಂಗನ್ನಿನಲ್ಲಿ ಎರಡು ದಿನ: ಕನ್ನಡ ಸಭೆಯ ಚರಿತ್ರೆಯಲ್ಲಿ ಒಂದು ಪಟ್ಟಣ

ಪೀಠಿಕೆ

ವ್ಯಾಸಂಗಕ್ಕಾಗಲಿ ಸಭೆಯ ಕಾರ್ಯಕ್ಕಾಗಲಿ ಬಾಸೆಲಿಗೆ ಹೋದ ಕನ್ನಡ ಕ್ರೈಸ್ತರು ವಾರಾಂತ್ಯದ ಎರಡು ದಿನಗಳನ್ನು ಉಳಿಸಿಕೊಂಡು ನೋಡಬೇಕಾದ ಊರುಗಳಲ್ಲಿ ಟ್ಯೂಬಿಂಗನ್ ಮೊದಲನೆಯದು. ಜರ್ಮನಿಯ ನೈಋತ್ಯ ಭಾಗದಲ್ಲಿ, ಸ್ಟುಟ್‌ಗಾರ್ಟಿನ ದಕ್ಷಿಣಕ್ಕೆ, ನೆಕ್ಕಾರ್ ನದಿಯ ದಡದಲ್ಲಿರುವ ಈ ವಿದ್ಯಾಪಟ್ಟಣ ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಬಹುಮಟ್ಟಿಗೆ ಉಳಿದುಕೊಂಡಿತು. ಆದುದರಿಂದ ಅಲ್ಲಿಯ ಕಡಿದಾದ ಬೀದಿಗಳೂ ಮರದ ಚೌಕಟ್ಟಿನ ಮನೆಗಳೂ ನೂರಾರು ವರ್ಷಗಳ ಹಿಂದೆ ಇದ್ದಂತೆಯೇ ಇಂದಿಗೂ ತೋರುತ್ತವೆ. ಪ್ರವಾಸಿಗರು ಅಲ್ಲಿಗೆ ಬರುವುದು ಈ ಚೆಲುವಿಗಾಗಿ. ನಮಗೆ ಆ ಊರಿನೊಡನೆ ಇನ್ನೊಂದು ನಂಟುಂಟು. ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ಅಲ್ಲಿ ಓದಿದರು. ಕನ್ನಡದ ಮಹಾನಿಘಂಟನ್ನು ರಚಿಸಿದ ಫರ್ಡಿನಾಂಡ್ ಕಿಟೆಲರು ಅಲ್ಲಿ ಕಣ್ಣು ಮುಚ್ಚಿದರು.

ಇಂಥ ಊರಿಗೆ ಹೋದಾಗ ಎರಡು ಬಗೆಯ ತಪ್ಪು ಸಂಭವಿಸಬಹುದು. ಅದನ್ನು ನಮ್ಮ ಸಭೆಯ ತವರೆಂದು ಬಗೆದು ಕೈಮುಗಿದು ಬರುವುದು ಒಂದು; ವಸಾಹತು ಕಾಲದ ಒಂದು ಕುರುಹೆಂದು ತಳ್ಳಿಹಾಕಿ, ನದಿಯ ಮೇಲೆ ದೋಣಿವಿಹಾರ ಮಾಡಿ ಮರಳುವುದು ಇನ್ನೊಂದು. ಈ ಎರಡೂ ಅಲ್ಲದ ಮೂರನೆಯ ನೋಟವೊಂದು ಸಾಧ್ಯವೆಂದು ತೋರಿಸುವುದೇ ಈ ಲೇಖನದ ಉದ್ದೇಶ. ಟ್ಯೂಬಿಂಗನ್ ನಮಗೆ ಮುಖ್ಯವಾಗುವುದು ಅಲ್ಲಿಂದ ಗುರುಗಳು ಬಂದರೆಂಬ ಕಾರಣಕ್ಕಲ್ಲ. ಅಲ್ಲಿಂದ ಬಂದವರು ನಮ್ಮ ನಾಡಿನಲ್ಲಿ ಶಿಷ್ಯರಾದರೆಂಬ ಕಾರಣಕ್ಕೆ. ಪರರ ಮಾತಿನ ಮುಂದೆ ಶಿಷ್ಯರಾಗಿ ಕುಳಿತುಕೊಳ್ಳಲು ಒಪ್ಪದ ಪಾಂಡಿತ್ಯದ ಗತಿ ಏನಾಯಿತೆಂಬುದಕ್ಕೂ ಅದೇ ಪಟ್ಟಣ ಸಾಕ್ಷಿಯಾಗಿ ನಿಂತಿದೆ.

ವಿದ್ಯೆಯ ಊರು

ಶನಿವಾರ ಬೆಳಿಗ್ಗೆ ನೆಕ್ಕಾರ್ ಸೇತುವೆಯ ಮೇಲೆ ನಿಂತು ನೋಡಿದರೆ ಊರಿನ ಚರಿತ್ರೆಯೆಲ್ಲ ಒಂದೇ ಸಾಲಿನಲ್ಲಿ ಕಾಣುತ್ತದೆ. ನೀರಿನ ಅಂಚಿಗೆ ಹಳದಿ ಗೋಡೆಯ ಗೋಪುರವೊಂದಿದೆ. ಕವಿ ಹ್ಯೋಲ್ಡರ್ಲಿನ್ ಮನಸ್ಸಿನ ಸ್ತಿಮಿತ ಕಳೆದುಕೊಂಡ ಬಳಿಕ, 1807ರಿಂದ 1843ರವರೆಗೆ, ಬಡಗಿಯೊಬ್ಬನ ಕುಟುಂಬದ ಆರೈಕೆಯಲ್ಲಿ ಬಾಳಿದ್ದು ಅಲ್ಲಿಯೇ. ಅದರ ಮೇಲ್ಗಡೆ ಸಂತ ಜಾರ್ಜನ ಹೆಸರಿನ ದೇವಾಲಯ. ಇನ್ನೂ ಎತ್ತರದಲ್ಲಿ ಕೋಟೆ. ದೇವಾಲಯದ ಈಗಿನ ಕಟ್ಟಡದ ಕೆಲಸ 1470ರಲ್ಲಿ ತೊಡಗಿತು. ಏಳು ವರ್ಷಗಳ ಬಳಿಕ, 1477ರಲ್ಲಿ, ವ್ಯುರ್ಟೆಂಬರ್ಗಿನ ಅರಸು ಎಬರ್‌ಹಾರ್ಡನು ವಿಶ್ವವಿದ್ಯಾಲಯವನ್ನು ಸ್ಥಾಪಿಸಿದನು. ಮೆಲಾಂಕ್ತನ್ 1514ರಿಂದ 1518ರವರೆಗೆ, ವಿಟೆನ್‌ಬರ್ಗಿಗೆ ಹೋಗುವ ಮುನ್ನ, ಇಲ್ಲಿಯೇ ಪಾಠ ಹೇಳಿದರು.

ಈ ಉಜ್ವಲ ಆರಂಭದ ಒಳಗೇ ಒಂದು ಕಪ್ಪು ಗೆರೆಯಿದೆ. ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಅರಸನೇ ಅದೇ ವರ್ಷ ಯೆಹೂದ್ಯರು ಊರಿನಲ್ಲಿ ನೆಲೆಸಕೂಡದೆಂದು ವಿಧಿಸಿದನು. ಮೂಲಭಾಷೆಗಳಲ್ಲಿ ಸತ್ಯವೇದವನ್ನು ಓದಿಸಿದ ಊರು, ಹಳೆಯ ಒಡಂಬಡಿಕೆಯ ಜನರನ್ನೇ ಹೊರಗಿಟ್ಟು ವಿದ್ಯಾಭ್ಯಾಸ ತೊಡಗಿತೆಂಬುದನ್ನು ದೇವಜ್ಞಾನದ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಈ ಗೆರೆ ಎಲ್ಲಿಗೆ ಮುಟ್ಟಿತೆಂಬುದನ್ನು ಮುಂದೆ ಹೇಳುತ್ತೇವೆ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. 1550ರಲ್ಲಿ ಸ್ಲೊವೇನಿಯಾದ ಸುಧಾರಕ ಪ್ರಿಮೊಜ್ ಟ್ರೂಬರನು ಸ್ಲೊವೇನ್ ಭಾಷೆಯ ಮೊದಲ ಅಚ್ಚಿನ ಪುಸ್ತಕಗಳಾದ ಪ್ರಶ್ನೋತ್ತರ ಗ್ರಂಥವನ್ನೂ ಅಕ್ಷರಮಾಲೆಯನ್ನೂ ಹೊರತಂದದ್ದು ಈ ಊರಿನ ಅಚ್ಚುಕೂಟದಿಂದ. ಊರವರಿಗೆ ಅರ್ಥವಾಗದ ಭಾಷೆಯ, ಊರಿನಲ್ಲಿ ಯಾರೂ ಕೊಳ್ಳದ ಪುಸ್ತಕಗಳು ಅವು. ದೂರದ ಜನರ ತಾಯ್ನುಡಿಗಾಗಿ ಅಚ್ಚಿನ ಮೊಳೆಗಳನ್ನು ಜೋಡಿಸುವ ಪದ್ಧತಿ ಮಂಗಳೂರಿಗೆ ಬರುವುದಕ್ಕೆ ಮೂರು ಶತಮಾನ ಮೊದಲೇ ಇಲ್ಲಿ ತೊಡಗಿತ್ತು. ಹೊರಗಿಡುವ ಬುದ್ಧಿಯೂ ಪರಭಾಷೆಗೆ ಎಡೆಮಾಡಿಕೊಡುವ ಬುದ್ಧಿಯೂ ಒಂದೇ ಊರಿನಲ್ಲಿ ಜೊತೆಜೊತೆಯಾಗಿ ಬೆಳೆದವು. ಟ್ಯೂಬಿಂಗನ್ನಿನ ಚರಿತ್ರೆಯನ್ನು ಈ ಎರಡು ಎಳೆಗಳ ಹೆಣಿಗೆಯಾಗಿ ಓದುವುದೇ ಸರಿಯಾದ ಕ್ರಮ.

ಸ್ಟಿಫ್ಟಿನಿಂದ ಮಂಗಳೂರಿಗೆ

ದೇವಾಲಯದಿಂದ ಕೋಟೆಯತ್ತ ನಡೆಯುವಾಗ, ಮೊದಲು ಅಗಸ್ಟೀನಿಯನ್ ಸನ್ಯಾಸಿಗಳ ಮಠವಾಗಿದ್ದ ಕಟ್ಟಡವೊಂದು ಸಿಗುತ್ತದೆ. 1536ರಲ್ಲಿ ಡ್ಯೂಕ್ ಉಲ್ರಿಕನು ಸುವಾರ್ತಾ ಸಭೆಯ ಬಡ ವಿದ್ಯಾರ್ಥಿಗಳಿಗಾಗಿ ಸ್ಥಾಪಿಸಿದ ‘ಸ್ಟಿಫ್ಟ್’ ಎಂಬ ವಿದ್ಯಾರ್ಥಿನಿಲಯವಿದು. ಖಗೋಳಜ್ಞ ಕೆಪ್ಲರ್ ದೇವಜ್ಞಾನ ಓದಲು ಬಂದದ್ದು ಇಲ್ಲಿಗೆ. ಹೇಗೆಲ್, ಶೆಲ್ಲಿಂಗ್, ಹ್ಯೋಲ್ಡರ್ಲಿನ್ ಮೂವರೂ ಒಂದು ಕಾಲಕ್ಕೆ ಸಹವಾಸಿಗಳಾಗಿದ್ದದ್ದು ಇಲ್ಲಿ. ನಮ್ಮ ಕಥೆಗೆ ಬೇಕಾದ ಮೋಗ್ಲಿಂಗ್ ಮತ್ತು ಗುಂಡರ್ಟ್ ಇಬ್ಬರೂ ಇದೇ ನಿಲಯದ ವಿದ್ಯಾರ್ಥಿಗಳು.

ಅವರ ವ್ಯಾಸಂಗದ ಕಾಲ ಶಾಂತವಾದುದಲ್ಲ. ಫರ್ಡಿನಾಂಡ್ ಕ್ರಿಸ್ಟಿಯನ್ ಬೌರ್ ಚರಿತ್ರೆಯ ವಿಮರ್ಶೆಯ ಬೆಳಕಿನಲ್ಲಿ ಹೊಸ ಒಡಂಬಡಿಕೆಯನ್ನು ಓದಿಸುತ್ತಿದ್ದರು. ಸ್ಟಿಫ್ಟಿನಲ್ಲಿ ಉಪಾಧ್ಯಾಯರಾಗಿದ್ದ ಡೇವಿಡ್ ಸ್ಟ್ರೌಸರು 1835ರಲ್ಲಿ ಯೇಸುವಿನ ಜೀವನವನ್ನು ಕುರಿತ ತಮ್ಮ ಗ್ರಂಥವನ್ನು ಹೊರಡಿಸಿದಾಗ ಯೂರೋಪಿನ ಸಭೆಗಳೆಲ್ಲ ತಲ್ಲಣಿಸಿದವು. ಅವರು ಹುದ್ದೆಯನ್ನೂ ಕಳೆದುಕೊಂಡರು. ಒಂದು ಕಡೆ ಈ ವಿಮರ್ಶೆ, ಇನ್ನೊಂದು ಕಡೆ ವ್ಯುರ್ಟೆಂಬರ್ಗಿನ ಹಳ್ಳಿಹಳ್ಳಿಗಳಲ್ಲಿ ಮನೆಮಾಡಿದ್ದ ಭಕ್ತಿಪಂಥ. ಈ ಎರಡರ ನಡುವೆ ಬೆಳೆದ ತರುಣರು ಭಾರತಕ್ಕೆ ತಂದದ್ದು ಭಕ್ತಿಯ ಬಿಸುಪನ್ನು ಮಾತ್ರವಲ್ಲ, ಮೂಲಗ್ರಂಥವನ್ನು ಮೂಲಭಾಷೆಯಲ್ಲಿ ಕಂಡಲ್ಲದೆ ತೀರ್ಪು ಹೇಳಬಾರದೆಂಬ ಶಿಸ್ತನ್ನು ಕೂಡ. ನಂಬಿಕೆಗೆ ಅಪಾಯವೆಂದು ಅನೇಕರು ಹೆದರಿದ ಆ ಶಿಸ್ತೇ ಮುಂದೆ ಕನ್ನಡಕ್ಕೆ ಉಪಕಾರಿಯಾಯಿತು.

ಬಾಸೆಲ್ ಮಿಶನ್ನಿನ ಮೊದಲ ಮೂವರು, ಹೆಬಿಕ್, ಲೇನರ್ ಮತ್ತು ಗ್ರೈನರ್, ಮಂಗಳೂರನ್ನು ಮುಟ್ಟಿದ್ದು 1834ರಲ್ಲಿ. ಮೋಗ್ಲಿಂಗರು 1836ರಲ್ಲಿ ಬಂದರು. 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಕನ್ನಡದ ಮೊದಲ ಪತ್ರಿಕೆಯೆಂಬುದನ್ನೂ, ಆ ದಿನವನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆಂಬುದನ್ನೂ ಎಲ್ಲರೂ ಬಲ್ಲರು. ಅದಕ್ಕೆ ಮೂರು ವಾರಗಳ ಹಿಂದೆ, ಜೂನ್ 7ರಂದು, ನೆಕ್ಕಾರಿನ ದಡದ ಗೋಪುರದಲ್ಲಿ ಹ್ಯೋಲ್ಡರ್ಲಿನ್ ತೀರಿಕೊಂಡಿದ್ದರು. ಮೋಗ್ಲಿಂಗರು ಓದುತ್ತಿದ್ದ ದಿನಗಳಲ್ಲೆಲ್ಲ ಆ ಕವಿ ಸ್ಟಿಫ್ಟಿನಿಂದ ಕೂಗಳತೆಯ ದೂರದಲ್ಲಿ ಬದುಕಿದ್ದರು. ಒಂದು ಪಟ್ಟಣದ ದೊಡ್ಡ ಧ್ವನಿಯೊಂದು ಅಡಗಿದ ತಿಂಗಳಿನಲ್ಲೇ ಆ ಪಟ್ಟಣದ ವಿದ್ಯಾರ್ಥಿಯೊಬ್ಬರು ಇನ್ನೊಂದು ಭಾಷೆಗೆ ಹೊಸ ಧ್ವನಿಯೊಂದನ್ನು ಕೊಡಲು ಸಿದ್ಧರಾಗುತ್ತಿದ್ದರು.

ಮೋಗ್ಲಿಂಗರ ಇನ್ನೂ ದೊಡ್ಡ ಕೆಲಸವೆಂದರೆ 1848ರಿಂದ ಹೊರಬರತೊಡಗಿದ ‘ಬಿಬ್ಲಿಯೋತೆಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆ. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದವು ಇದರಲ್ಲಿ ಅಚ್ಚಾದವು. ನಿವೃತ್ತ ನ್ಯಾಯಾಧೀಶ ಕಾಸಮೇಜರರು ಹಣ ಒದಗಿಸಿದರು. ಮೋಗ್ಲಿಂಗರ ಬಂಧುವೂ ಸಹೋದ್ಯೋಗಿಯೂ ಆಗಿದ್ದ ವೈಗ್ಲೆಯವರು ಕನ್ನಡ ಸಾಹಿತ್ಯದ ಅಧ್ಯಯನದಲ್ಲಿ ಜೊತೆಗಾರರಾಗಿದ್ದು 1855ರಲ್ಲಿ ತೀರಿಕೊಂಡರು. 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಮೋಗ್ಲಿಂಗರಿಗೆ ಗೌರವ ಡಾಕ್ಟರೇಟ್ ನೀಡಿತು. ಆ ಗೌರವ ಯಾವ ಕಾರ್ಯಕ್ಕೆ ಬಂದಿತೆಂಬುದನ್ನು ನಾವು ಬಹಳ ಸಲ ಮರೆಯುತ್ತೇವೆ. ಅದು ದೀಕ್ಷಾಸ್ನಾನಗಳ ಲೆಕ್ಕಕ್ಕೆ ಬಂದುದಲ್ಲ. ವೈಷ್ಣವರೂ ವೀರಶೈವರೂ ತಮ್ಮವೆಂದು ಎದೆಗೊತ್ತಿಕೊಂಡ ಗ್ರಂಥಗಳನ್ನು ಕಾಪಾಡಿ ಅಚ್ಚು ಮಾಡಿಸಿದ್ದಕ್ಕೆ ಬಂದುದು. ಮೋಗ್ಲಿಂಗರು ದಾಸರ ಪದಗಳನ್ನು ಜರ್ಮನ್ ಭಾಷೆಗೂ ತಂದರು. 1860ರಲ್ಲಿ ಅವು ಜರ್ಮನಿಯ ಪೌರಸ್ತ್ಯ ವಿದ್ವಾಂಸರ ಪತ್ರಿಕೆಯಲ್ಲಿ ಬೆಳಕು ಕಂಡವು. ಗುಂಡರ್ಟರು ಮಲಯಾಳಕ್ಕೆ ಮಾಡಿದ ಸೇವೆಯೂ ಇದೇ ಬಗೆಯದು. ಅವರ ಹಸ್ತಪ್ರತಿಗಳು ಇಂದು ಟ್ಯೂಬಿಂಗನ್ನಿನ ಗ್ರಂಥಾಲಯದಲ್ಲಿದ್ದು, ಅಂತರಜಾಲದ ಮೂಲಕ ಎಲ್ಲರಿಗೂ ತೆರೆದಿವೆ.

ಈ ದಾರಿಯಲ್ಲಿ ಪಯಣ ಒಮ್ಮುಖವಾಗಿರಲಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು 1846ರಲ್ಲಿ ಮೋಗ್ಲಿಂಗರೊಡನೆ ಯೂರೋಪಿಗೆ ಹೋಗಿ, ಬಾಸೆಲಿನ ಸೆಮಿನರಿಯಲ್ಲಿ ಓದಿ, 1851ರಲ್ಲಿ ವ್ಯುರ್ಟೆಂಬರ್ಗಿನ ಲಿಯೋನ್‌ಬರ್ಗಿನಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಮುಂದೆ ಅವರು ಮಂಗಳೂರಿನಲ್ಲಿ ತಲೆಮಾರುಗಳ ಉಪದೇಶಕರಿಗೆ ಪಾಠ ಹೇಳಿದರು. ಜರ್ಮನಿಯ ಊರುಗಳನ್ನು ಕಂಡು ಬಂದ ಕನ್ನಡ ಕ್ರೈಸ್ತರ ಪರಂಪರೆ ಅವರಿಂದಲೇ ತೊಡಗುತ್ತದೆ. ಅವರು ಅಲ್ಲಿಗೆ ಪ್ರೇಕ್ಷಕರಾಗಿ ಹೋದವರಲ್ಲ; ಕಲಿಯಲು ಹೋಗಿ, ಕಲಿಸಲು ಹಿಂತಿರುಗಿದವರು.

ಕಿಟೆಲರ ಸಂಜೆ

ಫರ್ಡಿನಾಂಡ್ ಕಿಟೆಲರು ಟ್ಯೂಬಿಂಗನ್ನಿನ ಮಗನಲ್ಲ. ಉತ್ತರ ಸಮುದ್ರದ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ 1832ರಲ್ಲಿ ಹುಟ್ಟಿ, ಬಾಸೆಲಿನಲ್ಲಿ ತರಬೇತಿ ಹೊಂದಿ, 1853ರಲ್ಲಿ ಭಾರತಕ್ಕೆ ಬಂದವರು. ಕನ್ನಡಿಗರಿಗೆ ಕನ್ನಡಿಗನಾಗಬೇಕೆಂಬ ಅವರ ಹಂಬಲವನ್ನು ಮಿಶನ್ನಿನೊಳಗೆ ಎಲ್ಲರೂ ಮೆಚ್ಚಲಿಲ್ಲ. ಸುವಾರ್ತಿಕರಾಗಿ ಅವರಿಗೆ ಸಂದ ಯಶಸ್ಸೂ ಅಲ್ಪವೇ. 1862ರಲ್ಲಿ ಕ್ರಿಸ್ತನ ಚರಿತೆಯನ್ನು ನಮ್ಮ ಛಂದಸ್ಸಿನಲ್ಲಿ ಹಾಡಿದ ‘ಕಥಾಮಾಲೆ’, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣ, 1875ರಲ್ಲಿ ನಾಗವರ್ಮನ ಛಂದೋಂಬುಧಿ ಹೀಗೆ ಒಂದೊಂದೇ ಮೆಟ್ಟಿಲು ಹತ್ತಿದವರು, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕನ್ನಡ-ಇಂಗ್ಲಿಷ್ ನಿಘಂಟಿನಿಂದ ಶಿಖರವನ್ನು ಮುಟ್ಟಿದರು. ಅದರಲ್ಲಿ ಸುಮಾರು 70,000 ಶಬ್ದಗಳಿವೆ.

ಅಷ್ಟರಲ್ಲಿ ಕಿಟೆಲರು ಜರ್ಮನಿಗೆ ಮರಳಿ ಟ್ಯೂಬಿಂಗನ್ನಿನಲ್ಲಿ ನೆಲೆಸಿದ್ದರು. 1896ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಅವರಿಗೂ ಗೌರವ ಡಾಕ್ಟರೇಟ್ ಕೊಟ್ಟಿತು. ಆ ಕಾಲದಲ್ಲೇ, 1895ರಿಂದ 1899ರವರೆಗೆ, ಗುಂಡರ್ಟರ ಮೊಮ್ಮಗ ಹೆರ್ಮನ್ ಹೆಸ್ಸೆ ದೇವಾಲಯದ ಬಳಿಯ ಪುಸ್ತಕದಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದರು. ಕಿಟೆಲರ ಕನ್ನಡ ವ್ಯಾಕರಣ 1903ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ನಿಘಂಟಿನ ಬಗೆಯನ್ನು ಗಮನಿಸಿದರೆ ಅದು ಬರಿಯ ಪುಸ್ತಕಗಳಿಂದ ಹುಟ್ಟಿದ ಕೃತಿಯಲ್ಲವೆಂಬುದು ತಿಳಿಯುತ್ತದೆ. ಹಳಗನ್ನಡ ಕಾವ್ಯಗಳ ಪಕ್ಕದಲ್ಲೇ ಗಾದೆಗಳಿವೆ. ಈ ಮಾತು ಮೈಸೂರು ಸೀಮೆಯದು, ಇದು ದಕ್ಷಿಣ ಮರಾಠಾ ಸೀಮೆಯದೆಂಬ ಗುರುತುಗಳಿವೆ. ಯಾರ ಬಾಯಿಂದ ಇವು ಬಂದವು? ಮುನ್ಶಿಗಳಿಂದ, ಪಂಡಿತರಿಂದ, ಹೊಲದಲ್ಲೂ ಸಂತೆಯಲ್ಲೂ ಮಾತನಾಡಿದವರಿಂದ. ಪುಸ್ತಕದ ಮುಖಪುಟದಲ್ಲಿ ಒಂದೇ ಹೆಸರಿದೆ. ಒಳಗಿನ ಪುಟಪುಟದಲ್ಲೂ ಹೆಸರಿಲ್ಲದ ಗುರುಗಳ ಧ್ವನಿಯಿದೆ.

ಶಿರಸಿ–ಸಿದ್ದಾಪುರ ರಸ್ತೆಯ ಮೇಲಿನ ಕಾನಸೂರಿನಲ್ಲಿ ಕುಳಿತು ಇದನ್ನು ಬರೆಯುವಾಗ ನಮಗೆ ಈ ಮಾತು ಇನ್ನಷ್ಟು ನಾಟುತ್ತದೆ. ನಮ್ಮ ಊರಿನ ಹೆಸರಿನಲ್ಲೇ ಇರುವ ‘ಕಾನು’ ಎಂಬುದು ಮಲೆನಾಡಿನವರಿಗೆ ಬರಿಯ ಅಡವಿಯಲ್ಲ. ನೀರಿನ ಸೆಲೆಯನ್ನು ಕಾಯುವ, ನಿತ್ಯವೂ ಹಸುರಾಗಿರುವ ದಟ್ಟ ಕಾಡು. ಬಯಲುಸೀಮೆಯವರು ‘ಬೆಟ್ಟ’ ಎಂದರೆ ಗುಡ್ಡವೆಂದು ತಿಳಿಯುತ್ತಾರೆ. ಇಲ್ಲಿ ಅದು ಅಡಿಕೆ ತೋಟಕ್ಕೆ ಸೊಪ್ಪು ಒದಗಿಸುವ, ತೋಟದವರಿಗೆ ಬಳಕೆಯ ಹಕ್ಕಿರುವ ಕಾಡಿನ ಭಾಗ. ಸುವಾರ್ತೆಯ ದ್ರಾಕ್ಷೆಯ ತೋಟದ ಸಾಮ್ಯವನ್ನು ಇಲ್ಲಿ ಬೋಧಿಸುವವನು ‘ತೋಟ’ ಎಂದೊಡನೆ ಕೇಳುವವರ ಕಣ್ಣಮುಂದೆ ಬರುವುದು ಅಡಿಕೆಯ ಮರಗಳ ಸಾಲು. ಇದನ್ನು ಅರಿಯದ ಬೋಧಕನು ಸಾಮ್ಯವನ್ನು ಅರ್ಧವಷ್ಟೇ ಹೇಳಿದಂತಾಗುತ್ತದೆ.

ಈ ನಾಡಿಗೆ ಭಾಷಾಶಾಸ್ತ್ರ ಹೊರಗಿನಿಂದ ಬಂದದ್ದೂ ಅಲ್ಲ. ಉತ್ತರ ಕನ್ನಡದ ಜೈನ ವಿದ್ವತ್ಪರಂಪರೆಯ ಭಟ್ಟಾಕಳಂಕದೇವನು 592 ಸೂತ್ರಗಳಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ್ದು 1604ರಲ್ಲಿ. ಆಗ ಕೆಪ್ಲರ್ ಟ್ಯೂಬಿಂಗನ್ನನ್ನು ಬಿಟ್ಟು ಹತ್ತೇ ವರ್ಷವಾಗಿತ್ತು. ಕಿಟೆಲರೂ ಮೋಗ್ಲಿಂಗರೂ ಬಂದದ್ದು ಶಾಸ್ತ್ರವಿಲ್ಲದ ನಾಡಿಗಲ್ಲ, ಶಾಸ್ತ್ರಜ್ಞರ ನಾಡಿಗೆ. ಅವರ ಹಿರಿಮೆ ಅದನ್ನು ಕಂಡುಕೊಂಡದ್ದರಲ್ಲಿದೆ. ಕೇಶಿರಾಜನ ಸೂತ್ರಗಳ ಮುಂದೆ ವಿದ್ಯಾರ್ಥಿಯಾಗಿ ಕುಳಿತದ್ದರಲ್ಲಿದೆ. ಅವರು ಬಿಳಿಯರ ಆಳ್ವಿಕೆಯ ನೆರಳಿನಲ್ಲಿ ಬಂದವರೆಂಬುದೂ, ನಮ್ಮ ಧರ್ಮಗಳನ್ನು ಕುರಿತ ಅವರ ತೀರ್ಪುಗಳು ಹಲವೆಡೆ ಕಟುವಾಗಿದ್ದವೆಂಬುದೂ ನಿಜ. ಆದರೆ ತೀರ್ಪು ಹೇಳಲು ಬಂದವರನ್ನು ಭಾಷೆ ನಿಧಾನವಾಗಿ ಶಿಷ್ಯರನ್ನಾಗಿ ಮಾರ್ಪಡಿಸಿತು.

ಇನ್ನೊಬ್ಬ ಕಿಟೆಲ್

ಭಾನುವಾರದ ಆರಾಧನೆಯ ಬಳಿಕ ಹಳೆಯ ಪಟ್ಟಣದಿಂದ ತುಸು ಹೊರಗಿರುವ ಗಾರ್ಟನ್ ಬೀದಿಗೆ ಹೋಗಬೇಕು. ಅಲ್ಲಿ ಯೆಹೂದ್ಯರ ಸಭಾಮಂದಿರವಿತ್ತು. 1938ರ ನವೆಂಬರ್ 9ರ ರಾತ್ರಿ ಅದನ್ನು ಸುಟ್ಟುಹಾಕಿದರು. ಈಗ ಆ ಸ್ಥಳದಲ್ಲಿ ಸ್ಮಾರಕವಿದೆ. 1477ರಲ್ಲಿ ಎಳೆದ ಕಪ್ಪು ಗೆರೆ ಅಲ್ಲಿಗೆ ಬಂದು ಮುಟ್ಟಿತು.

ನಮ್ಮ ಸೆಮಿನರಿಗಳ ಗ್ರಂಥಾಲಯಗಳಲ್ಲಿ ‘ಕಿಟೆಲ್’ ಎಂಬ ಹೆಸರು ಎರಡು ಕಡೆ ಕಾಣುತ್ತದೆ. ಕನ್ನಡದ ಕಪಾಟಿನಲ್ಲಿರುವುದು ಫರ್ಡಿನಾಂಡ್ ಕಿಟೆಲರ ನಿಘಂಟು. ಹೊಸ ಒಡಂಬಡಿಕೆಯ ಕಪಾಟಿನಲ್ಲಿರುವುದು ಹೊಸ ಒಡಂಬಡಿಕೆಯ ದೈವಶಾಸ್ತ್ರೀಯ ನಿಘಂಟಿನ ಸಂಪುಟಗಳು. ಗ್ರೀಕ್ ಶಬ್ದಗಳ ಅರ್ಥಕ್ಕಾಗಿ ವಿದ್ಯಾರ್ಥಿಗಳು ಇಂದಿಗೂ ಇವನ್ನು ತೆರೆಯುತ್ತಾರೆ. ಅದರ ಸಂಪಾದಕ ಗೆರ್ಹಾರ್ಡ್ ಕಿಟೆಲ್, 1888ರಲ್ಲಿ ಬ್ರೆಸ್ಲಾವಿನಲ್ಲಿ ಹುಟ್ಟಿ, 1926ರಿಂದ ಟ್ಯೂಬಿಂಗನ್ನಿನಲ್ಲಿ ಹೊಸ ಒಡಂಬಡಿಕೆಯ ಪ್ರಾಧ್ಯಾಪಕರಾಗಿದ್ದವರು. ಹೆಸರು ಒಂದೇ ಎಂದು ಇಬ್ಬರನ್ನೂ ಬೆರೆಸಬಾರದು.

ಗೆರ್ಹಾರ್ಡ್ ಕಿಟೆಲರು ಯೆಹೂದ್ಯ ಗ್ರಂಥಗಳನ್ನು ಆಳವಾಗಿ ಓದಿದ ಪಂಡಿತರು. ಯೇಸುವನ್ನು ಅರಿಯಲು ಯೆಹೂದ್ಯ ಸಾಹಿತ್ಯ ಅಗತ್ಯವೆಂದು ಬಲ್ಲವರು. ಆದರೂ 1933ರ ಮೇ ತಿಂಗಳಲ್ಲಿ ಅವರು ನಾತ್ಸೀ ಪಕ್ಷವನ್ನು ಸೇರಿದರು. ಅದೇ ಜೂನಿನಲ್ಲಿ ಟ್ಯೂಬಿಂಗನ್ನಿನಲ್ಲಿ ಯೆಹೂದ್ಯರ ಪ್ರಶ್ನೆಯನ್ನು ಕುರಿತು ಉಪನ್ಯಾಸ ಕೊಟ್ಟು, ಯೆಹೂದ್ಯರನ್ನು ಸಮಾನ ಪೌರರಾಗಿ ಅಲ್ಲ, ಪರದೇಶಿಗಳಾಗಿ ಮಾತ್ರ ಕಾಣಬೇಕೆಂದು ವಾದಿಸಿದರು. ಅವರ ನಿಘಂಟಿನ ಮೊದಲ ಸಂಪುಟದ ವರ್ಷವೂ 1933. 1945ರಲ್ಲಿ ಫ್ರೆಂಚರು ಅವರನ್ನು ಬಂಧಿಸಿದರು, ಹುದ್ದೆ ಹೋಯಿತು, 1948ರಲ್ಲಿ ತೀರಿಕೊಂಡರು.

ಇಬ್ಬರು ಕಿಟೆಲರೂ ಟ್ಯೂಬಿಂಗನ್ನಿನಲ್ಲಿ ಬಾಳಿದವರು, ಇಬ್ಬರೂ ನಿಘಂಟುಕಾರರು, ಇಬ್ಬರೂ ಪರರ ಗ್ರಂಥಗಳನ್ನು ಓದಿದವರು. ವ್ಯತ್ಯಾಸವೆಲ್ಲಿದೆ? ಪಾಂಡಿತ್ಯದ ಪ್ರಮಾಣದಲ್ಲಿ ಅಲ್ಲ. ಒಬ್ಬರು ಬದುಕಿರುವ ಜನರ ಬಾಯಿಂದ ಶಬ್ದಗಳನ್ನು ಕೇಳಿ ಬರೆದುಕೊಂಡರು. ಆ ಜನರಿಲ್ಲದೆ ಅವರ ಪುಸ್ತಕವೇ ಇಲ್ಲ. ಇನ್ನೊಬ್ಬರು ಒಂದು ಜನಾಂಗದ ಹಳೆಯ ಶಬ್ದಗಳನ್ನು ಸ್ವೀಕರಿಸಿ, ತಮ್ಮ ಬೀದಿಯಲ್ಲಿ ನಡೆದಾಡುತ್ತಿದ್ದ ಅದೇ ಜನಾಂಗದವರನ್ನು ನಿರಾಕರಿಸಿದರು. ಶಬ್ದವನ್ನು ಆಡುವವರಿಂದ ಬೇರ್ಪಡಿಸಿದ ದೈವಶಾಸ್ತ್ರ ಎಷ್ಟೇ ನಿಷ್ಕೃಷ್ಟವಾಗಿರಲಿ, ನೆರೆಯವನ ವಿರುದ್ಧ ಸುಳ್ಳುಸಾಕ್ಷಿ ಹೇಳುವ ಅಪಾಯದಿಂದ ಪಾರಾಗಲಾರದು. ವಾಕ್ಯವು ಶರೀರಧಾರಿಯಾಯಿತೆಂದು ನಂಬುವ ಸಭೆಗೆ ಇದು ಸಣ್ಣ ಪಾಠವಲ್ಲ. ಶರೀರವನ್ನು ಬಿಟ್ಟು ವಾಕ್ಯವನ್ನಷ್ಟೇ ಇಟ್ಟುಕೊಳ್ಳಬಹುದೆಂದು ಎಣಿಸಿದಲ್ಲಿ ನಂಬಿಕೆಯ ಬುಡವೇ ಅಲುಗುತ್ತದೆ.

ಮರಳಿ ತರಬೇಕಾದದ್ದು

ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಕಿಟೆಲರ ಪ್ರತಿಮೆಯಿದೆ. ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ಕನ್ನಡ ನಾಡು ಅವರನ್ನು ಮರೆತಿಲ್ಲ. ಕ್ರೈಸ್ತರಲ್ಲದವರೇ ಅವರನ್ನು ಹೆಚ್ಚು ನೆನೆಯುತ್ತಾರೆಂದರೂ ತಪ್ಪಾಗದು. ಸಭೆಯಾದರೋ ಅವರನ್ನು ತನ್ನ ಗೌರವದ ಗುರುತಾಗಿ ಬಳಸಿಕೊಂಡಿದೆ: ಕನ್ನಡಕ್ಕೆ ಕ್ರೈಸ್ತರು ಏನು ಕೊಟ್ಟರೆಂದು ಯಾರಾದರೂ ಕೇಳಿದರೆ ನಾವು ಆ ನಿಘಂಟಿನತ್ತ ಬೆರಳು ತೋರಿಸುತ್ತೇವೆ. ಬೆರಳು ತೋರಿಸುವುದು ಸುಲಭ. ಅವರ ಕೆಲಸವನ್ನು ಮುಂದುವರಿಸುವುದು ಕಷ್ಟ.

ಮುಂದುವರಿಸಲು ಕ್ಷೇತ್ರವಿಲ್ಲವೆಂದು ಹೇಳುವಂತಿಲ್ಲ. ಯಲ್ಲಾಪುರ, ಹಳಿಯಾಳಗಳ ಕಾಡಿನಂಚಿನಲ್ಲಿ ಸಿದ್ದಿ ಜನರಿದ್ದಾರೆ. ಆಫ್ರಿಕದಿಂದ ಗುಲಾಮರಾಗಿ ತರಲ್ಪಟ್ಟವರ ಸಂತತಿಯವರಾದ ಇವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಮನೆಮಾತು ಕೊಂಕಣಿಯ ಒಂದು ಬಗೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಸರಕಾರದ ಪಟ್ಟಿಯಲ್ಲಿ ಅವರ ಹೆಸರು ಸೇರಿತು. ನಮ್ಮ ದೈವಶಾಸ್ತ್ರದ ಪುಟಗಳಲ್ಲಿ ಅವರ ಮಾತು ಇನ್ನೂ ಸೇರಬೇಕಾಗಿದೆ. ಬಿಡುಗಡೆ, ದಾಸತ್ವ, ವಿಮೋಚನೆಯ ಕ್ರಯ ಎಂಬ ಶಬ್ದಗಳನ್ನು ನಾವು ಗ್ರೀಕಿನ ಸಹಾಯದಿಂದ ವಿವರಿಸುತ್ತೇವೆ. ಪೂರ್ವಜರು ಕ್ರಯಕ್ಕೆ ಮಾರಲ್ಪಟ್ಟ ನೆರೆಯವರು ಆ ಶಬ್ದಗಳನ್ನು ಹೇಗೆ ಕೇಳುತ್ತಾರೆಂದು ವಿಚಾರಿಸುವುದು ವ್ಯಾಖ್ಯಾನದ ಹೊರಗಿನ ಕೆಲಸವಲ್ಲ, ವ್ಯಾಖ್ಯಾನವೇ ಅದು. ಪಂಚಾಶತ್ತಮ ದಿನದಲ್ಲಿ ಪರಿಶುದ್ಧಾತ್ಮನು ಜನರೆಲ್ಲರನ್ನೂ ಒಂದೇ ಭಾಷೆಗೆ ತರಲಿಲ್ಲ. ಅವರವರ ಹುಟ್ಟುಭಾಷೆಯಲ್ಲೇ ಕೇಳುವಂತೆ ಮಾಡಿದನು.

ಆದಕಾರಣ ಟ್ಯೂಬಿಂಗನ್ನಿನಲ್ಲಿ ಎರಡು ದಿನ ಕಳೆಯುವ ನಮ್ಮ ವಿದ್ಯಾರ್ಥಿಗಳಿಗೆ ಹೇಳಬೇಕಾದದ್ದು ಇಷ್ಟು. ಸ್ಟಿಫ್ಟನ್ನು ನೋಡಿರಿ, ಗಾರ್ಟನ್ ಬೀದಿಯನ್ನು ಬಿಡದೆ ನೋಡಿರಿ. ಒಂದನ್ನು ಮಾತ್ರ ಕಂಡವರು ಆ ಊರನ್ನು ಕಂಡವರಲ್ಲ. ಊರಿಗೆ ಮರಳಿದ ಬಳಿಕ ಒಂದು ನೋಟುಪುಸ್ತಕ ಕೊಂಡು, ಸಭೆಯ ಹಿರಿಯ ಹೆಂಗಸರ ಬಳಿಯೋ ತೋಟದ ಕೆಲಸದವರ ಬಳಿಯೋ ಕುಳಿತು, ನಿಮಗೆ ತಿಳಿಯದ ಶಬ್ದವೊಂದನ್ನು ಅದನ್ನು ಹೇಳಿದವರ ಹೆಸರಿನೊಡನೆ ಬರೆದುಕೊಳ್ಳಿರಿ. 1894ರ ನಿಘಂಟಿನ ಮುಖಪುಟದಲ್ಲಿ ಎಡೆ ಸಿಗದೆ ಹೋದ ಹೆಸರುಗಳ ಸಾಲವನ್ನು ತೀರಿಸಲು ನಮಗಿರುವ ದಾರಿ ಅದೊಂದೇ.